ಸದ್ದು ಕಡಿಮೆ, ಆಟ ಜೋರು: ಗ್ರಾಫಿಕ್ಸ್ ಕಾರ್ಡ್ ಆರಿಸುವ ಮುಂಚೆ ನೋಡಬೇಕಾದ್ದು

ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡ್ ಬೇಕು ಅಂದರೆ ಫ್ಯಾನ್ ಎಷ್ಟಿವೆ, ಡಬ್ಬದ ಮೇಲೆ 'ಸೈಲೆಂಟ್' ಅಂತ ಬರೆದಿದೆಯಾ ಅಂತ ಆಮೇಲೆ ನೋಡೋಣ. ಮೊದಲು ಆ ಕಾರ್ಡ್ ಎಷ್ಟು ವಾಟ್ ಎಳೆಯುತ್ತದೆ ನೋಡಿ. ಕಾರ್ಡ್ ಎಳೆದುಕೊಂಡ ಕರೆಂಟೆಲ್ಲ ಕೊನೆಗೆ ಶಾಖವಾಗಿಯೇ ಹೊರಗೆ ಬರಬೇಕು. ಶಾಖ ಹೊರಗೆ ಹೋಗಲು ಗಾಳಿ ಬೇಕು, ಗಾಳಿಗೆ ಫ್ಯಾನ್ ತಿರುಗಬೇಕು, ಫ್ಯಾನ್ ಜೋರಾಗಿ ತಿರುಗಿದರೆ ಸದ್ದು. ಈ ಸರಪಳಿಯ ಮೊದಲ ಕೊಂಡಿಯನ್ನೇ ಚಿಕ್ಕದು ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಅದನ್ನು ಬಿಟ್ಟು ಜಾಸ್ತಿ ವಾಟ್‌ನ ಕಾರ್ಡ್ ತಂದು, ಆಮೇಲೆ ದುಬಾರಿ ಕ್ಯಾಬಿನೆಟ್, ದುಬಾರಿ ಫ್ಯಾನ್ ಅಂತ ದುಡ್ಡು ಸುರಿಯುವವರು ತುಂಬಾ ಜನ ಇದ್ದಾರೆ.

ಈಗ ಮಾರುಕಟ್ಟೆಯಲ್ಲಿರುವ ಕಾರ್ಡ್‌ಗಳನ್ನು ವಾಟ್ ಲೆಕ್ಕದಲ್ಲಿ ನೋಡಿ. ಎನ್‌ವಿಡಿಯಾದಲ್ಲಿ ಆರ್‌ಟಿಎಕ್ಸ್ 5060 ಗೆ 145 ವಾಟ್, 5060 ಟಿಐ ಗೆ 180, 5070 ಗೆ 250, 5070 ಟಿಐ ಗೆ 300, 5080 ಗೆ 360, 5090 ಗೆ 575. ಎಎಂಡಿ ಕಡೆ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಗೆ 160, 9070 ಗೆ 220, 9070 ಎಕ್ಸ್‌ಟಿ ಗೆ 304. ಇವು ಕಂಪನಿ ಹೇಳುವ ಅಂಕಿಗಳು. ಫ್ಯಾಕ್ಟರಿಯಲ್ಲೇ ಓವರ್‌ಕ್ಲಾಕ್ ಮಾಡಿದ, ಅಂದರೆ ವೇಗ ಏರಿಸಿದ ಮಾಡೆಲ್‌ಗಳು ಇದಕ್ಕಿಂತ ಸ್ವಲ್ಪ ಜಾಸ್ತಿ ಎಳೆಯುತ್ತವೆ. 9070 ಮತ್ತು 9070 ಎಕ್ಸ್‌ಟಿ ನಡುವೆ 84 ವಾಟ್ ವ್ಯತ್ಯಾಸ ಇದೆ, ಆದರೆ ಎರಡರಲ್ಲೂ ಚಿಪ್ ಒಂದೇ, ಮೆಮೊರಿಯೂ ಅದೇ 16 ಜಿಬಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ನಿಮ್ಮ ಮಾನಿಟರ್ ನೋಡಿ

ಕಾರ್ಡ್‌ನ ಶಕ್ತಿಯನ್ನು ತೀರ್ಮಾನ ಮಾಡಬೇಕಾದ್ದು ಮಾನಿಟರ್. 1080ಪಿ ಮಾನಿಟರ್ ಇಟ್ಟುಕೊಂಡು 5080 ತರುವುದು ಸುಮ್ನೆ ದುಡ್ಡು ದಂಡ. 1080ಪಿ, 144 ಹರ್ಟ್ಸ್ ಆದರೆ 9060 ಎಕ್ಸ್‌ಟಿ ಅಥವಾ 5060 ಟಿಐ ಸಾಕು. ಎರಡರಲ್ಲೂ 8 ಜಿಬಿ ಮಾಡೆಲ್ ಬಿಟ್ಟು 16 ಜಿಬಿ ಮಾಡೆಲ್ ತಗೊಳ್ಳಿ. ಹೊಸ ಗೇಮ್‌ಗಳಲ್ಲಿ ಟೆಕ್ಸ್‌ಚರ್ ಏರಿಸಿದ ಕೂಡಲೇ 8 ಜಿಬಿ ತುಂಬಿ ಆಟ ತಡವರಿಸುತ್ತದೆ, ಆಗ ಕಾರ್ಡ್ ಎಷ್ಟು ಸದ್ದಿಲ್ಲದಿದ್ದರೂ ಏನು ಪ್ರಯೋಜನ? 1440ಪಿ ಆದರೆ 9070 ಅಥವಾ 5070. 1440ಪಿಯಲ್ಲೇ ರೇ ಟ್ರೇಸಿಂಗ್ (ಬೆಳಕು, ನೆರಳನ್ನು ನಿಜದ ಹಾಗೆ ತೋರಿಸುವ ಆಯ್ಕೆ) ಎಲ್ಲ ಹಾಕಿ ಆಡಬೇಕು, ಅಥವಾ 4ಕೆ ಮಾನಿಟರ್ ಇದೆ ಅಂದರೆ 5070 ಟಿಐ ಅಥವಾ 9070 ಎಕ್ಸ್‌ಟಿ. ಅದರ ಮೇಲಕ್ಕೆ ಹೋದರೆ ಸದ್ದನ್ನು ಹಿಡಿತದಲ್ಲಿಡುವುದು ಸಾಧ್ಯವೇ, ಆದರೆ ದೊಡ್ಡ ಕ್ಯಾಬಿನೆಟ್, ದೊಡ್ಡ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬ), ಗಾಳಿ ಚೆನ್ನಾಗಿ ಓಡುವ ರೂಮ್ ಎಲ್ಲ ಬೇಕು. 575 ವಾಟ್ ಶಾಖ ಒಂದು ಚಿಕ್ಕ ಬೆಡ್‌ರೂಮಿನಲ್ಲಿ ಎರಡು ಗಂಟೆ ಬಿಟ್ಟರೆ ಎಸಿ ಇಲ್ಲದೆ ಕೂರುವುದು ಕಷ್ಟ.

ನನ್ನನ್ನು ಕೇಳಿದರೆ, ಸದ್ದಿನ ದೃಷ್ಟಿಯಿಂದ ಈ ಪಟ್ಟಿಯಲ್ಲಿ ಒಳ್ಳೆಯ ಕಾರ್ಡ್ ಆರ್‌ಎಕ್ಸ್ 9070. 220 ವಾಟ್‌ಗೆ ಅದು ಕೊಡುವ ಆಟ ಜಾಸ್ತಿ. ಡಿಎಲ್‌ಎಸ್‌ಎಸ್ (ಕಡಿಮೆ ರೆಸಲ್ಯೂಶನ್‌ನ ಚಿತ್ರವನ್ನು ಹಿಗ್ಗಿಸಿ ತೋರಿಸುವ ಎನ್‌ವಿಡಿಯಾ ತಂತ್ರ) ಬೇಕೇ ಬೇಕು ಅಥವಾ 3ಡಿ ಚಿತ್ರ ಮಾಡುವ ಬ್ಲೆಂಡರ್ ಕೆಲಸವೂ ಇದೆ ಅನ್ನುವವರು 5070 ಟಿಐ ತಗೊಂಡು ಅದರ ವಾಟ್ ಇಳಿಸಿಕೊಳ್ಳಲಿ. ಹೇಗೆ ಅಂತ ಕೆಳಗೆ ಬರೆದಿದ್ದೇನೆ.

ಕೂಲರ್: ಚಿಪ್ ಚಿಕ್ಕದು, ಹೀಟ್‌ಸಿಂಕ್ ದೊಡ್ಡದು

ಚಿಪ್ ತಯಾರಿಸುವುದು ಎನ್‌ವಿಡಿಯಾ, ಎಎಂಡಿ. ಅದರ ಮೇಲೆ ಕೂಲರ್ ಕೂರಿಸಿ ಮಾರುವುದು ಆಸುಸ್, ಎಂಎಸ್‌ಐ, ಗಿಗಾಬೈಟ್, ಜೋಟ್ಯಾಕ್, ಸಫೈರ್, ಪವರ್‌ಕಲರ್ ತರಹದ ಕಂಪನಿಗಳು. ಆದ್ದರಿಂದ ಒಂದೇ 5070 ಆದರೂ ಒಂದು ಕಂಪನಿಯದು ಸದ್ದೇ ಇಲ್ಲದೆ ಓಡಬಹುದು, ಇನ್ನೊಂದರದು ಕಿವಿಗೆ ಬಡಿಯಬಹುದು. ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಲೆಕ್ಕ) ಮಾತ್ರ ಎರಡಕ್ಕೂ ಎರಡು ಮೂರು ಪರ್ಸೆಂಟ್ ವ್ಯತ್ಯಾಸವೂ ಇರುವುದಿಲ್ಲ. ಅಂದರೆ ಒಂದೇ ಚಿಪ್‌ನ ದುಬಾರಿ ಮಾಡೆಲ್‌ಗೆ ನೀವು ಕೊಡುವ ಹೆಚ್ಚಿನ ದುಡ್ಡು ಕೂಲರ್‌ಗೆ, ಸದ್ದಿಗೆ ಮತ್ತು ಬಣ್ಣದ ಲೈಟ್‌ಗೆ. ವೇಗಕ್ಕೆ ಅಲ್ಲ.

ಇಲ್ಲೊಂದು ಉಪಾಯ ಇದೆ. ಹಲವು ಕಂಪನಿಗಳು ಜಾಸ್ತಿ ವಾಟ್‌ನ ಕಾರ್ಡ್‌ಗೆ ಅಂತ ಮಾಡಿದ ಕೂಲರನ್ನೇ ಅದರ ಕೆಳಗಿನ ಕಾರ್ಡ್‌ಗೂ ಹಾಕುತ್ತವೆ, ಬೇರೆ ಅಚ್ಚು ಮಾಡುವ ಖರ್ಚು ಉಳಿಯಲಿ ಅಂತ. 9070 ಎಕ್ಸ್‌ಟಿಯ ಕೂಲರ್ 9070 ಮೇಲೆ, 5080 ಯ ಕೂಲರ್ 5070 ಟಿಐ ಮೇಲೆ ಹೀಗೆ ಸಿಗುತ್ತದೆ. ಬೈಕಿನ ಇಂಜಿನ್‌ಗೆ ಲಾರಿಯ ರೇಡಿಯೇಟರ್ ಸಿಕ್ಕ ಹಾಗೆ. ಪತ್ತೆ ಮಾಡುವುದು ಸುಲಭ. ಕಂಪನಿಯ ವೆಬ್‌ಸೈಟಿನಲ್ಲಿ ಎರಡೂ ಕಾರ್ಡ್‌ಗಳ ಉದ್ದ, ಅಗಲ, ದಪ್ಪ ನೋಡಿ. ಅಳತೆ ಒಂದೇ ಇದ್ದು ತೂಕವೂ ಹತ್ತಿರ ಇದ್ದರೆ ಕೂಲರ್ ಒಂದೇ ಇರುವ ಸಾಧ್ಯತೆ ಜಾಸ್ತಿ. ತೂಕ ಅನ್ನುವುದು ಸುಳ್ಳು ಹೇಳದ ಅಂಕಿ. ಹೀಟ್‌ಸಿಂಕ್‌ನಲ್ಲಿ (ಚಿಪ್‌ನ ಶಾಖ ಹೀರುವ ಭಾಗ) ಲೋಹ ಕಡಿಮೆ ಮಾಡಿ ಮೇಲೆ ಚೆಂದದ ಪ್ಲಾಸ್ಟಿಕ್ ಕವಚ ಹೊದಿಸಿದರೆ ಫೋಟೋದಲ್ಲಿ ಗೊತ್ತಾಗುವುದಿಲ್ಲ, ತಕ್ಕಡಿಯಲ್ಲಿ ಗೊತ್ತಾಗುತ್ತದೆ.

ಮೂರು ಫ್ಯಾನ್ ಇದ್ದರೆ ಸದ್ದೂ ಜಾಸ್ತಿ ಅಲ್ವಾ ಅಂತ ಕೇಳುವವರು ಇದ್ದಾರೆ. ಲೆಕ್ಕ ಹಾಕಿದರೆ ಅದು ಉಲ್ಟಾ. ಒಂದೇ ವೇಗದಲ್ಲಿ ಎರಡು ಫ್ಯಾನ್ ಬದಲು ಮೂರು ತಿರುಗಿದರೆ ಸದ್ದು ಹೆಚ್ಚಾಗುವುದು ಎರಡು ಡೆಸಿಬೆಲ್‌ಗಿಂತ ಕಡಿಮೆ. ಆದರೆ ಫ್ಯಾನ್ ವೇಗ 20 ಪರ್ಸೆಂಟ್ ಇಳಿದರೆ ಸದ್ದು ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಮೂರು ಫ್ಯಾನಿನ ಉದ್ದ ಹೀಟ್‌ಸಿಂಕ್ ಇದ್ದರೆ ಫ್ಯಾನ್‌ಗಳು ನಿಧಾನವಾಗಿ ತಿರುಗಿದರೂ ಸಾಕಾಗುತ್ತದೆ, ಆದ್ದರಿಂದ ಒಟ್ಟು ಸದ್ದು ಕಡಿಮೆಯೇ. 160 ವಾಟ್‌ವರೆಗೆ ಎರಡು ಫ್ಯಾನ್ ಪರವಾಗಿಲ್ಲ. 200 ದಾಟಿದರೆ ಮೂರು ಫ್ಯಾನ್, ಎರಡೂವರೆ ಸ್ಲಾಟ್ ದಪ್ಪ ಇರುವುದನ್ನೇ ನೋಡಿ. 250 ವಾಟ್‌ನ 5070 ಅನ್ನು ಗಿಡ್ಡ ಎರಡು ಫ್ಯಾನ್ ಕೂಲರ್‌ನಲ್ಲಿ ತಗೊಳ್ಳಬೇಕಾದ್ದು ಕ್ಯಾಬಿನೆಟ್ ಚಿಕ್ಕದಿದ್ದು ಬೇರೆ ದಾರಿಯೇ ಇಲ್ಲದವರು ಮಾತ್ರ.

ಹಿಂಭಾಗದಿಂದ ಗಾಳಿ ಊದುವ ಬ್ಲೋವರ್ ಮಾದರಿ ಬೇಡ, ಅದು ಸರ್ವರ್, ವರ್ಕ್‌ಸ್ಟೇಷನ್‌ಗೆ ಮಾಡಿದ್ದು. ನೀರಿನ ಕೂಲರ್ ಇರುವ ಕಾರ್ಡ್‌ನಲ್ಲಿ ಚಿಪ್ ತಣ್ಣಗಿರುತ್ತದೆ ನಿಜ, ಆದರೆ ಪಂಪ್ ಯಾವಾಗಲೂ ಓಡುತ್ತಿರಬೇಕು, ಸುಮ್ಮನೆ ಬ್ರೌಸ್ ಮಾಡುವಾಗಲೂ ಅದರ ಸಣ್ಣ ಗುಂಯ್ ಕೇಳಿಸುತ್ತದೆ. ಇನ್ನು ಫ್ಯಾನೇ ಇಲ್ಲದ ಕಾರ್ಡ್‌ಗಳೂ ಇವೆ. ಪಾಲಿಟ್ ಕಂಪನಿಯ ಕಾಮ್‌ಎಕ್ಸ್ ಸರಣಿಯಲ್ಲಿ 70 ವಾಟ್‌ನ ಆರ್‌ಟಿಎಕ್ಸ್ 3050 6 ಜಿಬಿ ಬಂದಿದೆ. ಸದ್ದು ಸೊನ್ನೆ. ಆದರೆ ಇವತ್ತಿನ ದೊಡ್ಡ ಗೇಮ್‌ಗಳಿಗೆ ಅದರ ಶಕ್ತಿ ಸಾಲದು. ಇನ್ನೊಂದು ತುದಿಯಲ್ಲಿ ಆಸುಸ್ ಮತ್ತು ಫ್ಯಾನ್ ತಯಾರಿಸುವ ನಾಕ್ಟುವಾ ಸೇರಿ ಮಾಡುವ ಕಂದು ಬಣ್ಣದ ಕಾರ್ಡ್‌ಗಳಿವೆ. 2021ರಲ್ಲಿ 3070 ಯಿಂದ ಶುರುವಾಗಿ 3080, 4080, 5080 ವರೆಗೆ ಬಂದಿದೆ. ಕಾರ್ಡ್‌ನ ಸಾಮಾನ್ಯ ಫ್ಯಾನ್ ಬಿಟ್ಟು 120 ಮಿಲಿಮೀಟರ್‌ನ ಕ್ಯಾಬಿನೆಟ್ ಫ್ಯಾನನ್ನೇ ಹಾಕಿರುತ್ತಾರೆ, ಗಾತ್ರ ಇಟ್ಟಿಗೆಗಿಂತ ದೊಡ್ಡದು, ಬೆಲೆಯೂ ಹಾಗೇ. ಸದ್ದಿನ ವಿಷಯದಲ್ಲಿ ಅದನ್ನು ಮೀರಿಸುವುದು ಕಷ್ಟ. ಆದರೆ ಅಷ್ಟು ದುಡ್ಡು ಕೊಡುವ ಮೊದಲು ಕೆಳಗೆ ಹೇಳಿರುವ ಪವರ್ ಲಿಮಿಟ್ ಕೆಲಸ ಮಾಡಿ ನೋಡಿ. ಅರ್ಧ ದಾರಿ ಪುಕ್ಕಟೆಯಾಗಿಯೇ ಸಾಗುತ್ತದೆ.

ಡ್ಯುಯಲ್ ಬಯಾಸ್ ಸ್ವಿಚ್ (ಕಾರ್ಡ್‌ನ ಎರಡು ಸೆಟ್ಟಿಂಗ್‌ಗಳಲ್ಲಿ ಒಂದನ್ನು ಆರಿಸುವ ಸ್ವಿಚ್) ಇದೆಯಾ ನೋಡಿ. ಆಸುಸ್‌ನ ಹಲವು ಕಾರ್ಡ್‌ಗಳ ಅಂಚಿನಲ್ಲಿ ಪಿ ಮತ್ತು ಕ್ಯೂ ಅಂತ ಗುರುತು ಇರುವ ಚಿಕ್ಕ ಸ್ವಿಚ್ ಇರುತ್ತದೆ. ಕ್ಯೂ ಅಂದರೆ ಕ್ವೈಟ್. ಅದನ್ನು ಸರಿಸಿದರೆ ಫ್ಯಾನ್ ನಿಧಾನ, ಚಿಪ್ ಕೆಲವು ಡಿಗ್ರಿ ಬಿಸಿ, ಎಫ್‌ಪಿಎಸ್‌ನಲ್ಲಿ ಗೊತ್ತೇ ಆಗದಷ್ಟು ವ್ಯತ್ಯಾಸ. ಸಾಮಾನ್ಯವಾಗಿ ಡಬ್ಬದಿಂದ ಬರುವಾಗ ಅದು ಪಿ ಯಲ್ಲೇ ಇರುತ್ತದೆ, ಎಷ್ಟೋ ಜನ ಆ ಸ್ವಿಚ್ ಇದೆ ಅಂತಲೇ ಗೊತ್ತಿಲ್ಲದೆ ವರ್ಷಗಟ್ಟಲೆ ಓಡಿಸುತ್ತಾರೆ. ಕಂಪ್ಯೂಟರ್ ಆಫ್ ಮಾಡಿ ಸರಿಸಿ.

ರಿವ್ಯೂ ಓದುವ ಬಗೆ

ಯೂಟ್ಯೂಬ್ ವಿಡಿಯೋದಲ್ಲಿ ಫ್ಯಾನ್ ಸದ್ದು ಕೇಳಿ ತೀರ್ಮಾನ ಮಾಡಬೇಡಿ. ಮೈಕ್ ಎಷ್ಟು ಹತ್ತಿರ ಇತ್ತು, ಸದ್ದನ್ನು ಎಷ್ಟು ಏರಿಸಿದ್ದಾರೆ, ನಿಮ್ಮ ಸ್ಪೀಕರ್ ಎಷ್ಟರಲ್ಲಿದೆ, ಯಾವುದೂ ಗೊತ್ತಿರುವುದಿಲ್ಲ. ಅಂಕಿ ಕೊಡುವ ರಿವ್ಯೂ ಓದಿ. ಟೆಕ್‌ಪವರ್‌ಅಪ್ ತಾಣದಲ್ಲಿ ಒಂದೊಂದು ಮಾಡೆಲ್‌ಗೂ ಡೆಸಿಬೆಲ್, ಫ್ಯಾನ್‌ನ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು), ತಾಪಮಾನ ಎಲ್ಲ ಇರುತ್ತದೆ, ಎರಡು ಬಯಾಸ್ ಇದ್ದರೆ ಎರಡಕ್ಕೂ ಬೇರೆ ಬೇರೆ ಕೊಡುತ್ತಾರೆ. ಒಂದು ತಾಣದ ಡೆಸಿಬೆಲ್ ಅನ್ನು ಇನ್ನೊಂದು ತಾಣದ ಡೆಸಿಬೆಲ್ ಜೊತೆ ಹೋಲಿಸಬೇಡಿ. ಅಳತೆ ಮಾಡಿದ ದೂರ, ರೂಮ್, ಉಪಕರಣ ಎಲ್ಲ ಬೇರೆ. ಒಂದೇ ತಾಣದಲ್ಲಿ ಎರಡು ಕಾರ್ಡ್ ಹೋಲಿಸಿದರೆ ಮಾತ್ರ ಅರ್ಥ. ಡೆಸಿಬೆಲ್ ಲೆಕ್ಕ ನೇರವಲ್ಲ ಅನ್ನುವುದೂ ಗೊತ್ತಿರಲಿ. 10 ಡೆಸಿಬೆಲ್ ಹೆಚ್ಚಾದರೆ ಕಿವಿಗೆ ಸುಮಾರು ಎರಡರಷ್ಟು ಜೋರು ಅನ್ನಿಸುತ್ತದೆ. ಒಂದು ಎರಡು ಡೆಸಿಬೆಲ್ ವ್ಯತ್ಯಾಸಕ್ಕೆ ಸಾವಿರಾರು ರೂಪಾಯಿ ಜಾಸ್ತಿ ಕೊಡುವುದು ಬೇಡ.

ಆರ್‌ಪಿಎಂ ನೋಡುವ ಅಭ್ಯಾಸ ಮಾಡಿಕೊಳ್ಳಿ, ನನಗೆ ಡೆಸಿಬೆಲ್‌ಗಿಂತ ಅದರ ಮೇಲೇ ನಂಬಿಕೆ. ಕ್ಯಾಬಿನೆಟ್ ಮುಚ್ಚಿ ಮೇಜಿನ ಕೆಳಗೆ ಇಟ್ಟಿದ್ದರೆ 1,000ದಿಂದ 1,200 ಆರ್‌ಪಿಎಂ ಕೇಳಿಸುವುದು ಕಷ್ಟ. 1,500 ಆದರೆ ಶಾಂತವಾದ ರೂಮಿನಲ್ಲಿ ಗೊತ್ತಾಗುತ್ತದೆ. 2,000 ದಾಟಿದರೆ ಹೆಡ್‌ಫೋನ್ ಹಾಕಿಕೊಳ್ಳಬೇಕು ಅನ್ನಿಸುತ್ತದೆ. ಇದು ಸ್ಥೂಲ ಲೆಕ್ಕ. ಫ್ಯಾನ್‌ನ ರೆಕ್ಕೆ, ಬೇರಿಂಗ್ ನೋಡಿಕೊಂಡು ಬದಲಾಗುತ್ತದೆ. ಬಾಲ್ ಬೇರಿಂಗ್ ಬಾಳಿಕೆ ಬರುತ್ತದೆ, ಆದರೆ ನಿಧಾನವಾಗಿ ತಿರುಗುವಾಗ ಕೆಲವೊಮ್ಮೆ ಟಿಕ್ ಟಿಕ್ ಅನ್ನುತ್ತದೆ.

ನಮ್ಮವರು ಮರೆಯುವ ಒಂದು ವಿಷಯ ರೂಮಿನ ತಾಪಮಾನ. ಈ ರಿವ್ಯೂಗಳು ಬಹುತೇಕ 20ರಿಂದ 25 ಡಿಗ್ರಿಯ ರೂಮಿನಲ್ಲಿ ಆಗುತ್ತವೆ. ಬೆಂಗಳೂರಿನಲ್ಲಿ ವರ್ಷದ ಬಹುಭಾಗ ಅದಕ್ಕೆ ಹತ್ತಿರವೇ ಇರುತ್ತದೆ, ತೊಂದರೆ ಇಲ್ಲ. ಕಲಬುರಗಿ, ರಾಯಚೂರು, ಬಳ್ಳಾರಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ದಾಟಿರುವಾಗ ಎಸಿ ಇಲ್ಲದ ರೂಮ್ 35ರ ಮೇಲೇ ಇರುತ್ತದೆ. ರೂಮ್ ಹತ್ತು ಡಿಗ್ರಿ ಬಿಸಿಯಾದರೆ, ಫ್ಯಾನ್ ವೇಗ ಅಷ್ಟೇ ಇದ್ದಾಗ, ಚಿಪ್ಪೂ ಸುಮಾರು ಹತ್ತು ಡಿಗ್ರಿ ಬಿಸಿಯಾಗುತ್ತದೆ. ಕಾರ್ಡ್ ಅದಕ್ಕೆ ಸುಮ್ಮನಿರುವುದಿಲ್ಲ, ಫ್ಯಾನ್ ಏರಿಸುತ್ತದೆ. ರಿವ್ಯೂದಲ್ಲಿ 62 ಡಿಗ್ರಿ, 1,300 ಆರ್‌ಪಿಎಂ ಅಂತ ಇದ್ದ ಕಾರ್ಡ್ ಅಲ್ಲಿ ಹಾಗೆ ಇರುವುದಿಲ್ಲ. ಆದ್ದರಿಂದ ಬಿಸಿ ಊರಿನವರು ರಿವ್ಯೂದಲ್ಲಿ 75 ಡಿಗ್ರಿ ತೋರಿಸಿ ಸದ್ದು ಕಡಿಮೆ ಅನ್ನಿಸಿಕೊಂಡ ಕಾರ್ಡನ್ನು ನಂಬಬಾರದು. 60ರ ಆಸುಪಾಸಿನಲ್ಲಿ ಸದ್ದು ಕಡಿಮೆ ಇರುವುದನ್ನು ಹುಡುಕಬೇಕು. ಅಲ್ಲಿ ಸೀಲಿಂಗ್ ಫ್ಯಾನ್ ಐದರಲ್ಲಿ ತಿರುಗುತ್ತಿರುತ್ತದೆ, ಕಾರ್ಡ್ ಸದ್ದು ಎಲ್ಲಿ ಕೇಳುತ್ತೆ ಅಂತ ನೀವು ಕೇಳಬಹುದು. ಅದೂ ನಿಜವೇ! ಮೇ ತಿಂಗಳಲ್ಲಿ ಸದ್ದಿಗಿಂತ ಶಾಖದ ಚಿಂತೆ ಮಾಡಿ, ಸದ್ದಿನ ಲೆಕ್ಕ ಡಿಸೆಂಬರ್‌ಗೆ ಇರಲಿ.

ಫ್ಯಾನ್ ಅಲ್ಲದ ಸದ್ದು: ಕಾಯಿಲ್ ವೈನ್

ಎಲ್ಲ ನೋಡಿ, ಅಳೆದು, ಒಳ್ಳೆಯ ಕೂಲರ್ ಇರುವ ಕಾರ್ಡ್ ತಂದ ಮೇಲೂ ಒಂದು ಸದ್ದು ಉಳಿಯಬಹುದು. ಕೀರಲು ಸ್ವರದಲ್ಲಿ ಚಿರ್ರ್ ಅನ್ನುವ ಸದ್ದು. ಗೇಮ್‌ನಲ್ಲಿ ತಿರುಗಿದರೆ ಸ್ವರ ಬದಲಾಗುತ್ತದೆ, ಮೆನುಗೆ ಹೋದರೆ ಜೋರಾಗುತ್ತದೆ, ಗೇಮ್ ಮುಚ್ಚಿದ ಕೂಡಲೇ ನಿಲ್ಲುತ್ತದೆ. ಇದು ಫ್ಯಾನ್‌ದಲ್ಲ. ಚಿಪ್‌ಗೆ ಕರೆಂಟ್ ಕೊಡುವ ಭಾಗದಲ್ಲಿ ಚಿಕ್ಕ ಚಿಕ್ಕ ಕಾಯಿಲ್‌ಗಳಿರುತ್ತವೆ, ಕರೆಂಟ್ ಬೇಗ ಬೇಗ ಏರಿಳಿದಾಗ ಅವು ಕಂಪಿಸುತ್ತವೆ. ಆ ಕಂಪನ ಕಿವಿಗೆ ಕೇಳುವ ಮಟ್ಟಕ್ಕೆ ಬಂದರೆ ಕಾಯಿಲ್ ವೈನ್. ಕಾರ್ಡ್‌ಗೆ ಇದರಿಂದ ಹಾನಿ ಇಲ್ಲ, ಹಾನಿ ಏನಿದ್ದರೂ ನಿಮ್ಮ ತಲೆಗೆ.

ಕಷ್ಟ ಏನೆಂದರೆ ಇದನ್ನು ರಿವ್ಯೂ ನೋಡಿ ಹೇಳಲು ಆಗುವುದಿಲ್ಲ. ಒಂದೇ ಮಾಡೆಲ್‌ನ ಎರಡು ಕಾರ್ಡ್‌ಗಳಲ್ಲಿ ಒಂದಕ್ಕೆ ಇರುತ್ತದೆ, ಒಂದಕ್ಕೆ ಇರುವುದಿಲ್ಲ. ಜಾಸ್ತಿ ವಾಟ್‌ನ ಕಾರ್ಡ್‌ಗಳಲ್ಲಿ ಸಾಧ್ಯತೆ ಜಾಸ್ತಿ, ಅಷ್ಟು ಮಾತ್ರ ಹೇಳಬಹುದು. ವಾರಂಟಿಯಲ್ಲೂ ಇದನ್ನು ದೋಷ ಅಂತ ಒಪ್ಪಿಸುವುದು ಸುಲಭವಲ್ಲ, ಕಾರ್ಡ್ ಕೆಲಸ ಮಾಡುತ್ತಿದೆಯಲ್ಲ ಅನ್ನುವ ಉತ್ತರಕ್ಕೆ ತಯಾರಾಗಿರಿ. ಹಾಗಾಗಿ ಕೊಳ್ಳುವಾಗಲೇ ಕೇಳಿ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಕೊಳ್ಳುವುದಾದರೆ 'ಅಣ್ಣ, ಸದ್ದು ಬಂದರೆ ಬದಲಾಯಿಸಿ ಕೊಡ್ತೀರಾ, ಎಷ್ಟು ದಿನದೊಳಗೆ?' ಅಂತ ದುಡ್ಡು ಕೊಡುವ ಮೊದಲೇ ಕೇಳಬೇಕು, ಆಮೇಲೆ ಅಲ್ಲ. ಅಂಗಡಿಯಲ್ಲಿ ಹಾಕಿ ತೋರಿಸಿ ಅನ್ನಬಹುದು, ಆದರೆ ಆ ಬೀದಿಯ ಗಲಾಟೆಯಲ್ಲಿ ಕಾಯಿಲ್ ಸದ್ದು ಕೇಳಿಸಿದರೆ ಆ ಕಾರ್ಡ್ ಮುಟ್ಟಲೇಬೇಡಿ! ಆನ್‌ಲೈನ್ ಆದರೆ 'ರಿಟರ್ನ್' ಇದೆಯಾ, ಬರೀ 'ರಿಪ್ಲೇಸ್‌ಮೆಂಟ್' ಇದೆಯಾ, ದಿನ ಎಷ್ಟು ಅಂತ ಓದಿ. ತಂದ ಮೊದಲ ವಾರದಲ್ಲೇ ಒಂದು ರಾತ್ರಿ ಸೀಲಿಂಗ್ ಫ್ಯಾನ್ ಆರಿಸಿ, ಎರಡು ಮೂರು ಬೇರೆ ಬೇರೆ ಗೇಮ್ ಆಡಿ ಕೇಳಿ.

ಸದ್ದು ಸಣ್ಣಗಿದ್ದರೆ ಎಫ್‌ಪಿಎಸ್‌ಗೆ ಮಿತಿ ಹಾಕುವುದೇ ಮೊದಲ ಮದ್ದು. ಮೆನುವಿನಲ್ಲಿ ಸುಮ್ಮನೆ 900 ಎಫ್‌ಪಿಎಸ್ ಓಡುತ್ತಿದ್ದರೆ ಕಾಯಿಲ್ ಕಿರುಚದೆ ಇನ್ನೇನು ಮಾಡುತ್ತದೆ? ವೋಲ್ಟೇಜ್ ಇಳಿಸಿದರೂ ಕಡಿಮೆಯಾಗುತ್ತದೆ. ಕೆಲವರಿಗೆ ಎಸ್‌ಎಂಪಿಎಸ್ ಬದಲಾಯಿಸಿದಾಗ ಸದ್ದು ಹೋಗಿದೆ, ಆದರೆ ಗ್ಯಾರಂಟಿ ಇಲ್ಲದ ಖರ್ಚು ಅದು.

ಕ್ಯಾಬಿನೆಟ್, ಎಸ್‌ಎಂಪಿಎಸ್

ಮುಂಭಾಗ ಪೂರ್ತಿ ಗಾಜು ಇರುವ ಕ್ಯಾಬಿನೆಟ್‌ನಲ್ಲಿ ಗಾಳಿ ಬೇರೆ ಕಡೆಯಿಂದ ಧಾರಾಳವಾಗಿ ಬರುವ ಏರ್ಪಾಡು ಇಲ್ಲದಿದ್ದರೆ ಯಾವ ಒಳ್ಳೆಯ ಕಾರ್ಡೂ ಸೋಲುತ್ತದೆ. ಮುಂದೆ ಜಾಲರಿ, ಅಲ್ಲಿ 140 ಮಿಲಿಮೀಟರ್‌ನ ಎರಡು ಫ್ಯಾನ್, ಹಿಂದೆ ಒಂದು. 300 ವಾಟ್‌ವರೆಗೆ ಇಷ್ಟು ಸಾಕು. ಈ ಫ್ಯಾನ್‌ಗಳು 700, 800 ಆರ್‌ಪಿಎಂನಲ್ಲಿ ಓಡುತ್ತಿರಲಿ. ಕಾರ್ಡ್ ತರುವ ಮೊದಲು ಟೇಪ್ ಹಿಡಿದು ಅಳೆಯಿರಿ. 320 ಮಿಲಿಮೀಟರ್ ದಾಟುವ ಕಾರ್ಡ್‌ಗಳು ಈಗ ಮಾಮೂಲು. ಮುಂದಿನ ಫ್ಯಾನ್‌ನ ದಪ್ಪ 25 ಮಿಲಿಮೀಟರ್ ಕಳೆಯುವುದು ಮರೆಯಬೇಡಿ. ಪಕ್ಕದ ಬಾಗಿಲು ಮತ್ತು ಕಾರ್ಡ್‌ನ ಅಂಚಿನ ನಡುವೆ ಪವರ್ ಕೇಬಲ್ ಬಾಗಲೂ ಜಾಗ ಬೇಕು. ಹೊಸ 16 ಪಿನ್ ಕನೆಕ್ಟರ್ ಇದ್ದರೆ ಟಕ್ ಅನ್ನುವವರೆಗೆ ಪೂರ್ತಿ ಒತ್ತಿ. 2022ರಲ್ಲಿ 4090 ಕಾರ್ಡ್‌ಗಳ ಕನೆಕ್ಟರ್ ಕರಗಿದ ಸುದ್ದಿ ಬಂತಲ್ಲ, ಅದರಲ್ಲಿ ಸರಿಯಾಗಿ ಕೂರದ ಪ್ಲಗ್‌ಗಳ ಪಾಲು ದೊಡ್ಡದಿತ್ತು.

ನಮ್ಮ ಮನೆಗಳ ಇನ್ನೊಂದು ಕಾಯಿಲೆ ಬಡಗಿ ಮಾಡಿಕೊಟ್ಟ ಕಂಪ್ಯೂಟರ್ ಟೇಬಲ್. ಸಿಪಿಯು ಇಡಲು ಅಂತ ಮೂರು ಕಡೆ ಪ್ಲೈವುಡ್ ಬಡಿದು, ಮುಂದೆ ಬಾಗಿಲೂ ಇಟ್ಟಿರುತ್ತಾರೆ. ಅದರೊಳಗೆ 300 ವಾಟ್‌ನ ಕಾರ್ಡ್ ಇಟ್ಟರೆ ಅದು ತಾನು ಬಿಟ್ಟ ಬಿಸಿ ಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಹಿಂದಿನ ಪ್ಲೈವುಡ್ ಕಿತ್ತು ಹಾಕಿ, ಇಲ್ಲವೇ ಕ್ಯಾಬಿನೆಟ್ ಹೊರಗೆ ಇಡಿ. ಧೂಳಿನ ಊರಲ್ಲಿದ್ದರೆ ಜಾಲರಿಯ ಫಿಲ್ಟರ್ ತಿಂಗಳಿಗೊಮ್ಮೆ ಬಿಚ್ಚಿ ಝಾಡಿಸಿ. ಫಿಲ್ಟರ್ ಕಟ್ಟಿಕೊಂಡರೆ ಮೊದಲು ಗೊತ್ತಾಗುವುದು ಫ್ಯಾನ್ ಸದ್ದಿನಲ್ಲಿ.

ಎಸ್‌ಎಂಪಿಎಸ್ ವಿಷಯದಲ್ಲಿ ಕಂಜೂಸ್ ಆಗಬೇಡಿ. 5070 ಗೆ ಎನ್‌ವಿಡಿಯಾ 650 ವಾಟ್ ಹೇಳುತ್ತದೆ, 5070 ಟಿಐ ಗೆ 750, 5080 ಗೆ 850. ಅದಕ್ಕಿಂತ ನೂರು ವಾಟ್ ಜಾಸ್ತಿ ಇರುವುದನ್ನು ತಗೊಂಡರೆ ಎಸ್‌ಎಂಪಿಎಸ್ ಫ್ಯಾನ್ ನಿಧಾನವಾಗಿ ಓಡುತ್ತದೆ, ಕಡಿಮೆ ಲೋಡ್‌ನಲ್ಲಿ ನಿಂತೇ ಹೋಗುವ ಮಾಡೆಲ್‌ಗಳೂ ಇವೆ.

ಹಾಕಿದ ಮೇಲೆ ಮಾಡುವ ಕೆಲಸ

ಅರ್ಧ ಸದ್ದು ಇಲ್ಲೇ ಇಳಿಯುತ್ತದೆ, ಖರ್ಚು ಒಂದು ಸಂಜೆ ಮಾತ್ರ. ಮೊದಲು ಏನೂ ಮುಟ್ಟದೆ ನಿಮ್ಮ ಭಾರೀ ಗೇಮ್ ಒಂದನ್ನು ಅರ್ಧ ಗಂಟೆ ಆಡಿ. ಎಂಎಸ್‌ಐ ಆಫ್ಟರ್‌ಬರ್ನರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ವಾಟ್, ತಾಪಮಾನ, ಆರ್‌ಪಿಎಂ, ಎಫ್‌ಪಿಎಸ್ ನಾಲ್ಕನ್ನೂ ಬರೆದಿಟ್ಟುಕೊಳ್ಳಿ. ಈ ಅಂಕಿ ಇಲ್ಲದೆ ಮುಂದೆ ಹೋದರೆ ಏನು ಸುಧಾರಿಸಿತು ಅಂತ ಗೊತ್ತಾಗುವುದಿಲ್ಲ.

ನಂತರ ಎಫ್‌ಪಿಎಸ್ ಮಿತಿ. ಎನ್‌ವಿಡಿಯಾ ಸೆಟ್ಟಿಂಗ್‌ನಲ್ಲಿ 'ಮ್ಯಾಕ್ಸ್ ಫ್ರೇಮ್ ರೇಟ್' ಅಂತ ಇದೆ, ಎಎಂಡಿಯಲ್ಲಿ ರೇಡಿಯಾನ್ ಚಿಲ್ ಇದೆ, ಕನಿಷ್ಠ ಗರಿಷ್ಠ ಎರಡಕ್ಕೂ ಒಂದೇ ಅಂಕಿ ಕೊಡಿ. 144 ಹರ್ಟ್ಸ್ ಮಾನಿಟರ್‌ಗೆ 138 ಅಥವಾ 141 ಕೊಟ್ಟರೆ ಫ್ರೀಸಿಂಕ್, ಜಿಸಿಂಕ್ (ಮಾನಿಟರ್ ಮತ್ತು ಕಾರ್ಡ್‌ನ ವೇಗ ಹೊಂದಿಸುವ ಏರ್ಪಾಡು) ಸರಿಯಾಗಿ ಕೆಲಸ ಮಾಡುತ್ತವೆ. ಹಳೆಯ ಗೇಮ್, ವ್ಯಾಲರಂಟ್ ತರಹದ ಹಗುರ ಗೇಮ್‌ಗಳಲ್ಲಿ ಇದೊಂದರಿಂದಲೇ ವಾಟ್ ಅರ್ಧಕ್ಕೆ ಇಳಿಯಬಹುದು. ಕಥೆ ಇರುವ, ನಿಧಾನದ ಗೇಮ್‌ಗೆ 80 ಅಥವಾ 90 ಎಫ್‌ಪಿಎಸ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಮಿತಿ ಹಾಕಿದ ಮೇಲೆ ಡಿಎಲ್‌ಎಸ್‌ಎಸ್ ಅಥವಾ ಎಎಂಡಿಯ ಅಂಥದ್ದೇ ತಂತ್ರವಾದ ಎಫ್‌ಎಸ್‌ಆರ್ ಅನ್ನು ಕ್ವಾಲಿಟಿಯಲ್ಲಿ ಹಾಕಿದರೆ ಎಫ್‌ಪಿಎಸ್ ಏರುವ ಬದಲು ವಾಟ್ ಇಳಿಯುತ್ತದೆ. ಇವುಗಳನ್ನು ವೇಗಕ್ಕೆ ಮಾತ್ರ ಅಂತ ಎಲ್ಲರೂ ನೋಡುತ್ತಾರೆ, ಸದ್ದಿಗೂ ಅವು ಅಷ್ಟೇ ಉಪಯೋಗ.

ಮೂರನೆಯದು ಪವರ್ ಲಿಮಿಟ್, ಅಂದರೆ ಕಾರ್ಡ್ ಎಳೆಯುವ ವಾಟ್‌ಗೆ ಹಾಕುವ ಮಿತಿ. ಆಫ್ಟರ್‌ಬರ್ನರ್‌ನಲ್ಲಿ ಆ ಸ್ಲೈಡರನ್ನು 100ರಿಂದ 85ಕ್ಕೆ ಎಳೆದು ಸರಿ ಅನ್ನಿ. ಇಷ್ಟೇ. ಕಾರ್ಡ್‌ಗಳು ಕೊನೆಯ ಕೆಲವು ಪರ್ಸೆಂಟ್ ವೇಗಕ್ಕೆ ಬೇಕಾಬಿಟ್ಟಿ ಕರೆಂಟ್ ತಿನ್ನುತ್ತವೆ, ಅದನ್ನು ಬಿಟ್ಟುಕೊಟ್ಟರೆ ಕಳೆದುಕೊಳ್ಳುವುದು ಸ್ವಲ್ಪ. 450 ವಾಟ್‌ನ 4090 ಅನ್ನು 70 ಪರ್ಸೆಂಟ್‌ಗೆ ಇಳಿಸಿದರೂ ಬಹುತೇಕ ಗೇಮ್‌ಗಳಲ್ಲಿ ಹೋಗುವುದು ಐದು ಪರ್ಸೆಂಟ್ ಆಸುಪಾಸು ಅಂತ ಹಲವರು ಅಳೆದು ತೋರಿಸಿದ್ದಾರೆ. ಎಲ್ಲ ಕಾರ್ಡ್‌ನಲ್ಲೂ ಸ್ಲೈಡರ್ ಅಷ್ಟು ಕೆಳಗೆ ಇಳಿಯುವುದಿಲ್ಲ. ಆಗ ಅಂಡರ್‌ವೋಲ್ಟ್ ಮಾಡಬೇಕು, ಅಂದರೆ ಚಿಪ್‌ನ ವೋಲ್ಟೇಜ್ ಇಳಿಸಬೇಕು.

ಎನ್‌ವಿಡಿಯಾದಲ್ಲಿ ಆಫ್ಟರ್‌ಬರ್ನರ್ ತೆರೆದು ಕಂಟ್ರೋಲ್ ಮತ್ತು ಎಫ್ ಒತ್ತಿದರೆ ವೋಲ್ಟೇಜ್ ಗೆರೆ ಬರುತ್ತದೆ. ಮೊದಲು ಕೋರ್ ಕ್ಲಾಕ್ ಸ್ಲೈಡರನ್ನು 200, 300 ಕೆಳಗೆ ಎಳೆದು ಇಡೀ ಗೆರೆಯನ್ನು ತಗ್ಗಿಸಿ. ಆಮೇಲೆ 925 ಅಥವಾ 950 ಮಿಲಿವೋಲ್ಟ್ ಇರುವ ಒಂದು ಚುಕ್ಕೆ ಹಿಡಿದು, ನಿಮ್ಮ ಕಾರ್ಡ್ ಗೇಮ್‌ನಲ್ಲಿ ಓಡುತ್ತಿದ್ದ ವೇಗಕ್ಕಿಂತ ಸ್ವಲ್ಪ ಕೆಳಗಿನ ಮೆಗಾಹರ್ಟ್ಸ್‌ಗೆ ಎತ್ತಿ, ಅಪ್ಲೈ ಮಾಡಿ. ಅದರಾಚೆಯ ಗೆರೆ ಸಪಾಟಾಗುತ್ತದೆ. ಗೇಮ್ ಕ್ರ್ಯಾಶ್ ಆದರೆ 30 ಮೆಗಾಹರ್ಟ್ಸ್ ಇಳಿಸಿ, ಅಥವಾ ಒಂದು ಹೆಜ್ಜೆ ವೋಲ್ಟೇಜ್ ಏರಿಸಿ. ಒಂದು ಗೇಮ್‌ನಲ್ಲಿ ನಿಂತಿತು ಅಂತ ನಂಬಬೇಡಿ, ರೇ ಟ್ರೇಸಿಂಗ್ ಇರುವ ಗೇಮ್‌ನಲ್ಲೂ ಪರೀಕ್ಷಿಸಿ. ಸ್ಥಿರ ಆಗುವವರೆಗೆ 'ವಿಂಡೋಸ್ ಜೊತೆ ಶುರುವಾಗು' ಅನ್ನುವ ಆಯ್ಕೆ ಹಾಕಬೇಡಿ.

ಎಎಂಡಿಯಲ್ಲಿ ಅಡ್ರೆನಲಿನ್ ಸಾಫ್ಟ್‌ವೇರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲೇ ಟ್ಯೂನಿಂಗ್ ಇದೆ. ಇಲ್ಲಿ ಒಂದು ಮೋಸ ಇದೆ, ಗಮನಿಸಿ. 9070 ಸರಣಿಯಲ್ಲಿ ವೋಲ್ಟೇಜ್ ಮಾತ್ರ ಇಳಿಸಿದರೆ ಉಳಿದ ಕರೆಂಟನ್ನು ಕಾರ್ಡ್ ವೇಗ ಏರಿಸಲು ಬಳಸಿಕೊಳ್ಳುತ್ತದೆ. ಎಫ್‌ಪಿಎಸ್ ಏರುತ್ತದೆ, ವಾಟ್ ಅಷ್ಟೇ ಇರುತ್ತದೆ, ಸದ್ದೂ ಅಷ್ಟೇ. ಆದ್ದರಿಂದ ವೋಲ್ಟೇಜ್ 30 ಮಿಲಿವೋಲ್ಟ್ ಇಳಿಸಿ ಶುರು ಮಾಡಿ, ಹತ್ತತ್ತು ಇಳಿಸುತ್ತಾ ಹೋಗಿ, ಜೊತೆಗೆ ಪವರ್ ಲಿಮಿಟ್ 10 ಪರ್ಸೆಂಟ್ ಕೆಳಗೆ ಇಡಿ. ಆಗ ವೇಗ ಹಾಗೇ ಉಳಿದು ಸದ್ದು ಇಳಿಯುತ್ತದೆ. ಮೆಮೊರಿ ತಾಪ 90 ಡಿಗ್ರಿ ಹತ್ತಿರ ತೋರಿಸಿದರೆ ಗಾಬರಿ ಬೇಡ, ಈ ಕಾರ್ಡ್‌ಗಳಲ್ಲಿ ಅದು ಸಾಮಾನ್ಯ.

ಕೊನೆಗೆ ಫ್ಯಾನ್ ಕರ್ವ್, ಅಂದರೆ ಎಷ್ಟು ತಾಪಕ್ಕೆ ಫ್ಯಾನ್ ಎಷ್ಟು ವೇಗ ಅನ್ನುವ ಗೆರೆ. ಈಗಿನ ಕಾರ್ಡ್‌ಗಳು ಸುಮಾರು 50, 55 ಡಿಗ್ರಿವರೆಗೆ ಫ್ಯಾನ್ ನಿಲ್ಲಿಸಿಯೇ ಇರುತ್ತವೆ. ಚಳಿಗಾಲದಲ್ಲಿ ಚೆಂದ. ಬೇಸಿಗೆಯಲ್ಲಿ, ಅಥವಾ ಎರಡು ಹೈ ರಿಫ್ರೆಶ್ ಮಾನಿಟರ್ ಹಾಕಿದಾಗ ಕಾರ್ಡ್‌ನ ಮೆಮೊರಿ ಸುಮ್ಮನೆ ಕೂತಿದ್ದರೂ ಪೂರ್ತಿ ವೇಗದಲ್ಲಿ ಓಡಿ ತಾಪ ಆ ಗಡಿಯಲ್ಲೇ ಓಲಾಡುತ್ತದೆ. ಫ್ಯಾನ್ ಎದ್ದಿತು, ನಿಂತಿತು, ಮತ್ತೆ ಎದ್ದಿತು. ಒಂದೇ ಸಮನೆ ಇರುವ ಸದ್ದಿಗೆ ಕಿವಿ ಒಗ್ಗುತ್ತದೆ, ಈ ಎದ್ದು ಬೀಳುವ ಸದ್ದಿಗೆ ಒಗ್ಗುವುದಿಲ್ಲ. ಹೀಗಾದರೆ ಫ್ಯಾನ್ ನಿಲ್ಲಿಸುವ ಆಯ್ಕೆಯನ್ನೇ ತೆಗೆದು 30 ಪರ್ಸೆಂಟ್‌ನಲ್ಲಿ ಸದಾ ತಿರುಗಲು ಬಿಡಿ. 60 ಡಿಗ್ರಿವರೆಗೆ 30, 70ಕ್ಕೆ 45, 80ಕ್ಕೆ 65, ಹೀಗೆ ಮೆಲ್ಲಗೆ ಏರುವ ಗೆರೆ ಎಳೆಯಿರಿ. ಫ್ಯಾನ್‌ಕಂಟ್ರೋಲ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್‌ನಲ್ಲಿ ತಾಪ ಇಳಿದ ಮೇಲೂ ಕೆಲವು ಸೆಕೆಂಡ್ ಕಾದು ಫ್ಯಾನ್ ಇಳಿಸುವ ಏರ್ಪಾಡು ಇದೆ, ಕ್ಯಾಬಿನೆಟ್ ಫ್ಯಾನ್‌ಗಳನ್ನೂ ಕಾರ್ಡ್‌ನ ತಾಪಕ್ಕೆ ಕಟ್ಟಬಹುದು.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ

220 ವಾಟ್‌ನ 4070 ಸೂಪರ್ ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕಿದರೆ ಈಗಲೂ ಒಳ್ಳೆಯ ಆಯ್ಕೆ. 3080, 3090 ಕಡಿಮೆ ಬೆಲೆಗೆ ಸಿಗುತ್ತವೆ, ಆದರೆ ವಾಟ್ 320, 350. ಅವುಗಳ ಮೆಮೊರಿಯೂ ತುಂಬಾ ಬಿಸಿಯಾಗುತ್ತದೆ, ಫ್ಯಾನ್ ಅದರಿಂದಲೇ ಓಡುತ್ತಿರುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಅನ್ನುವ ಕ್ರಿಪ್ಟೋ ನಾಣ್ಯದ ಮೈನಿಂಗ್ (ಕಾರ್ಡ್‌ಗಳಿಂದ ಲೆಕ್ಕ ಮಾಡಿಸಿ ನಾಣ್ಯ ಗಳಿಸುವುದು) ನಿಂತ ಮೇಲೆ ಹಗಲು ರಾತ್ರಿ ಓಡಿದ ಇಂಥ ಕಾರ್ಡ್‌ಗಳು ರಾಶಿ ರಾಶಿ ಮಾರುಕಟ್ಟೆಗೆ ಬಂದವು, ಈಗಲೂ ಕೈ ಬದಲಾಯಿಸುತ್ತಿವೆ. ನೋಡಲು ಹೋದಾಗ ಫ್ಯಾನ್ 30ರಿಂದ 100 ಪರ್ಸೆಂಟ್‌ವರೆಗೆ ಮೆಲ್ಲಗೆ ಏರಿಸಿ ಕೇಳಿ. ಯಾವುದಾದರೂ ಒಂದು ವೇಗದಲ್ಲಿ ಗರಗರ ಅಂದರೆ ಬೇರಿಂಗ್ ಹೋಗಿದೆ. ಚಿಪ್ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್‌ನಲ್ಲಿ ಅತಿ ಬಿಸಿಯಾದ ಜಾಗ) ತಾಪಕ್ಕೂ 25 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಚಿಪ್ ಮತ್ತು ಕೂಲರ್ ನಡುವಿನ ಪೇಸ್ಟ್ ಒಣಗಿದೆ ಅಥವಾ ಕೂಲರ್ ಸರಿಯಾಗಿ ಕೂತಿಲ್ಲ. ಆರ್‌ಟಿಎಕ್ಸ್ 50 ಸರಣಿಯಲ್ಲಿ ಹಾಟ್‌ಸ್ಪಾಟ್ ಅಂಕಿ ಕಾಣಿಸುವುದಿಲ್ಲ, ಆದರೆ ಹಳೆಯದರಲ್ಲಿ ಕಾಣಿಸುತ್ತದೆ. ಪೇಸ್ಟ್ ನೀವೇ ಬದಲಾಯಿಸಬಹುದು, ಹಾಗೆ ಬಿಚ್ಚಿದರೆ ವಾರಂಟಿ ಉಳಿಯುತ್ತದಾ ಅಂತ ಆ ಕಂಪನಿಯ ನಿಯಮ ಮೊದಲು ಓದಿ.

ಹೊಸದಾಗಲಿ ಹಳೆಯದಾಗಲಿ, ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಡಬ್ಬ ಮತ್ತು ಒಳಗಿನ ಸ್ಪಂಜು ಎಸೆಯಬೇಡಿ. ಒಂದೂವರೆ ಕಿಲೋ ತೂಗುವ ಕಾರ್ಡ್ ಆದರೆ ಡಬ್ಬದಲ್ಲೇ ಇರುವ ಸಪೋರ್ಟ್ ಕಡ್ಡಿ ಹಾಕಿ, ಜೋತುಬಿದ್ದ ಕಾರ್ಡ್‌ನಲ್ಲಿ ಫ್ಯಾನ್ ರೆಕ್ಕೆ ಕವಚಕ್ಕೆ ತಾಗಿ ಟರ್ರ್ ಅನ್ನುವುದೂ ಉಂಟು.